ಅಪ್ಪನಿಗೆ ಮಾತು ಕೇಳಿಸಬೇಕು, ಯಾವ ರಿಸೀವರ್ ತಗೊಳ್ಳಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೋಮ್ ಥಿಯೇಟರ್ ಬಗ್ಗೆಯೇ ಜಾಸ್ತಿ. ಹಾಸನದ ಓದುಗರಿಗೆ ಉದ್ದವಾಗಿ ಉತ್ತರಿಸಿದ್ದೇನೆ. ಬೇರೆಯವರು ಕೇಳಿದ ಎಷ್ಟೋ ವಿಷಯ ಅದರಲ್ಲೇ ಬಂದುಹೋಗಿದೆ, ಹಾಗಾಗಿ ಎಲ್ಲರೂ ಅದನ್ನು ಮೊದಲು ಓದಿ.

ಪ್ರಶ್ನೆ: ಹೊಸ ಮನೆ ಕಟ್ಟಿಸಿದ್ದೇವೆ, ಪೇಂಟಿಂಗ್ ಬಾಕಿ ಇದೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ಟಿವಿ 55 ಇಂಚು. ಅಪ್ಪನಿಗೆ 74 ವರ್ಷ. ಹಾಡು ಕೇಳಿಸುತ್ತೆ, ಮಾತು ಗೊತ್ತಾಗಲ್ಲ ಅಂತಾರೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಫೈಟ್ ಸೀನ್ ಬಂದಾಗ ಮನೆಯೇ ಅದುರುತ್ತೆ. ಅಂಗಡಿಯವರು 1000 ವ್ಯಾಟಿನ ಸೌಂಡ್‌ಬಾರ್ ತಗೊಳ್ಳಿ ಅಂತಾರೆ, ಅಣ್ಣ ರಿಸೀವರ್ ತಗೋ ಅಂತಾನೆ. 80 ಸಾವಿರ ಎತ್ತಿಟ್ಟಿದ್ದೇನೆ. ಏನು ಮಾಡಲಿ ಸರ್? (ಹಾಸನದಿಂದ ಒಬ್ಬರು)

ಉತ್ತರ: ಅಣ್ಣನ ಮಾತು ಕೇಳಿ. ಯಾಕೆ ಅಂತ ಹೇಳುತ್ತೇನೆ.

ವಯಸ್ಸಾದಂತೆ ಕಿವಿಗೆ ಮೊದಲು ಕಷ್ಟವಾಗುವುದು ಸಣ್ಣ, ತೀಕ್ಷ್ಣ ಸದ್ದುಗಳು. ಅ, ಆ, ಓ ಚೆನ್ನಾಗಿ ಕೇಳಿಸುತ್ತವೆ, ಸ, ಶ, ಫ ಥರದವು ಜಾರಿಹೋಗುತ್ತವೆ. ಅಂದರೆ ಸ್ವರ ಸಿಗುತ್ತದೆ, ವ್ಯಂಜನ ಸಿಗುವುದಿಲ್ಲ. ಅದಕ್ಕೇ ಯಾರೋ ಮಾತಾಡುತ್ತಿದ್ದಾರೆ ಅಂತ ಅಪ್ಪನಿಗೆ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಅದರ ಜೊತೆಗೆ ಈಗಿನ ತೆಳು ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ, ಸದ್ದು ಗೋಡೆಗೆ ಬಡಿದು ನಿಮ್ಮ ಹತ್ತಿರ ಬರುತ್ತದೆ. ಸಿನಿಮಾದ ಮಾತು, ಸಂಗೀತ, ಗದ್ದಲ ಎಲ್ಲವನ್ನೂ ಆ ಎರಡು ಪುಟ್ಟ ಸ್ಪೀಕರ್‌ಗಳೇ ಹೊರಹಾಕಬೇಕು.

5.1 ಸೌಂಡ್ ಅಂದರೆ ಐದು ಸ್ಪೀಕರ್, ಭಾರದ ಸದ್ದಿಗೆ ಒಂದು ಸಬ್‌ವೂಫರ್; ಒಂದೊಂದಕ್ಕೂ ಬೇರೆಯಾಗಿ ಬರುವ ಸದ್ದಿಗೆ ಚಾನೆಲ್ ಅಂತಾರೆ. ಅಂಥ ಸಿನಿಮಾದಲ್ಲಿ ಮಾತಿನ ಬಹುಪಾಲು ಒಂದೇ ಚಾನೆಲ್‌ನಲ್ಲಿರುತ್ತದೆ, ಅದು ನಡುವಿನದು, ಸೆಂಟರ್. ರಿಸೀವರ್ ಮಾಡುವ ಕೆಲಸ ಏನೆಂದರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಪ್ಲೇಯರ್‌ನಿಂದ ಬಂದ ಸದ್ದನ್ನು ಚಾನೆಲ್ ಚಾನೆಲ್ಲಾಗಿ ಬಿಡಿಸಿ, ಒಂದೊಂದಕ್ಕೂ ಬೇರೆ ಆಂಪ್ಲಿಫೈಯರ್ ಕೊಟ್ಟು, ಅದರದರ ಸ್ಪೀಕರ್‌ಗೆ ಕಳಿಸುವುದು. ಹಾಗಾಗಿ ಸೆಂಟರ್ ಒಂದನ್ನೇ 2-3 ಡೆಸಿಬೆಲ್ ಏರಿಸಬಹುದು. ಮಾತು ಮುಂದೆ ಬರುತ್ತದೆ, ಫೈಟ್ ಸೀನ್ ಇದ್ದಷ್ಟೇ ಇರುತ್ತದೆ. ಒಳ್ಳೆಯ ಸೌಂಡ್‌ಬಾರ್‌ಗಳಲ್ಲೂ ಸೆಂಟರ್ ಇರುತ್ತದೆ ನಿಜ. ಆದರೆ ಅದರೊಳಗಿನ ಎರಡು-ಮೂರು ಇಂಚಿನ ಸ್ಪೀಕರ್‌ಗೂ ಬೇರೆಯಾಗಿ ಕೂರುವ ಸೆಂಟರ್ ಸ್ಪೀಕರ್‌ಗೂ ತುಂಬಾ ವ್ಯತ್ಯಾಸ. ಬಾರ್ ಕೆಟ್ಟರೆ ಪೂರ್ತಿ ಬದಲಿಸಬೇಕು. ಸ್ಪೀಕರ್‌ಗಳಾದರೆ 15-20 ವರ್ಷ ಬಾಳುತ್ತವೆ, ರಿಸೀವರ್ ಮಾತ್ರ ಬದಲಿಸಿದರೆ ಸಾಕು.

ಇದರ ಜೊತೆಗೆ ಅಪ್ಪನ ಕಿವಿ ಪರೀಕ್ಷೆ ದಯವಿಟ್ಟು ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವೇನಲ್ಲ. ರಿಸೀವರ್ ತಗೊಳ್ಳುವ ಮುಂಚೆಯೇ ಹೋಗಿಬನ್ನಿ.

ಇನ್ನು ಆ 1000 ವ್ಯಾಟ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆ ಬಿಡಿ, ಕೆಳಗೆ ಸಣ್ಣಕ್ಷರದಲ್ಲಿರುವುದನ್ನು ಓದಿ. "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.08 ಪರ್ಸೆಂಟ್ ಡಿಸ್ಟಾರ್ಷನ್, ಎರಡು ಚಾನೆಲ್ ಒಟ್ಟಿಗೆ, 80 ವ್ಯಾಟ್" ಅಂತ ಬರೆದಿದ್ದರೆ ಅದು ನಂಬಬಹುದಾದ ಲೆಕ್ಕ. ಅದೇ ರಿಸೀವರನ್ನು "6 ಓಮ್, 1 ಕಿಲೋಹರ್ಟ್ಸ್, 10 ಪರ್ಸೆಂಟ್ ಡಿಸ್ಟಾರ್ಷನ್, ಒಂದೇ ಚಾನೆಲ್" ಅಂತ ಅಳೆದರೆ ಸಂಖ್ಯೆ ಎರಡರಷ್ಟರ ಹತ್ತಿರ ಹೋಗುತ್ತದೆ, ಆದರೆ 10 ಪರ್ಸೆಂಟ್ ಅಂದರೆ ಸದ್ದು ಒಡೆದು ಕೇಳುವ ಮಟ್ಟ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಅಂತ ಬರೆದಿದ್ದರೆ ಆ ಸಂಖ್ಯೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, 80 ವ್ಯಾಟ್‌ಗೂ 100 ವ್ಯಾಟ್‌ಗೂ 1 ಡೆಸಿಬೆಲ್ ವ್ಯತ್ಯಾಸವೂ ಇಲ್ಲ. ಅದಕ್ಕಿಂತ ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ, ಅಂದರೆ ಅಷ್ಟೇ ವ್ಯಾಟಿಗೆ ಅದು ಎಷ್ಟು ಜೋರಾಗಿ ಕೇಳುತ್ತದೆ ಅಂತ. 90 ಡೆಸಿಬೆಲ್‌ನ ಸ್ಪೀಕರ್ 50 ವ್ಯಾಟಿನಲ್ಲಿ ಕೊಡುವ ಸದ್ದನ್ನು 87 ಡೆಸಿಬೆಲ್‌ನದು ಕೊಡಬೇಕಾದರೆ 100 ವ್ಯಾಟ್ ಬೇಕು. ನಿಮ್ಮ ಹಾಲಿಗೆ ಸರಿಯಾಗಿ ಅಳೆದ 70-80 ವ್ಯಾಟ್ ಧಾರಾಳ ಸಾಕು.

ದುಡ್ಡು ಹಂಚುವಾಗ ರಿಸೀವರ್‌ಗೆ ಮೂರನೇ ಒಂದು ಪಾಲು, ಹೆಚ್ಚೆಂದರೆ ಸ್ವಲ್ಪ ಮೇಲೆ. ಉಳಿದದ್ದೆಲ್ಲ ಸ್ಪೀಕರ್‌ಗೆ. ಒಂದೇ ಸಲ ಆರು ಡಬ್ಬ ತರಬೇಕು ಅಂತೇನಿಲ್ಲ. ಎಡ, ಬಲ, ಸೆಂಟರ್ ಮೂರನ್ನು ಒಂದೇ ಸೀರೀಸ್‌ನಲ್ಲಿ ಒಳ್ಳೆಯದು ತಗೊಳ್ಳಿ, ದುಡ್ಡು ಉಳಿದರೆ ಸಬ್‌ವೂಫರ್. ಸೋಫಾದ ಪಕ್ಕದ ಸರೌಂಡ್ ಸ್ಪೀಕರ್ ಎರಡು ಮುಂದಿನ ವರ್ಷಕ್ಕೆ. ಮೂರೇ ಸ್ಪೀಕರ್ ಇವೆ ಅಂತ ಸೆಟಪ್‌ನಲ್ಲಿ ಹೇಳಿದರೆ ರಿಸೀವರ್ ಸರೌಂಡ್ ಸದ್ದನ್ನು ಮುಂದಿನವಕ್ಕೇ ಸೇರಿಸಿ ಕೊಡುತ್ತದೆ, ಏನೂ ಕಳೆದುಹೋಗುವುದಿಲ್ಲ. ಅಗ್ಗದ ಏಳು ಸ್ಪೀಕರ್‌ಗಿಂತ ಒಳ್ಳೆಯ ಮೂರು ಎಷ್ಟೋ ಮೇಲು, ಇದನ್ನು ನಾನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. 7.1 ಬೇಡ, ನಿಮ್ಮ ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ ಅಲ್ವಾ, ಅದರ ಹಿಂದೆ ಸ್ಪೀಕರ್ ಇಡಲು ಜಾಗವೆಲ್ಲಿ?

ರಿಸೀವರ್‌ನಲ್ಲಿ ನೋಡಬೇಕಾದದ್ದು: ಎಚ್‌ಡಿಎಂಐ ಇನ್‌ಪುಟ್ ನಾಲ್ಕಾದರೂ ಇರಲಿ, ಮೈಕ್ ಇಟ್ಟು ತಾನೇ ಹೊಂದಿಸಿಕೊಳ್ಳುವ ಸೌಲಭ್ಯ ಇರಲಿ (ಡೆನಾನ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ ಅಂತಾರೆ), ಸರ್ವಿಸ್ ಎಲ್ಲಿ ಸಿಗುತ್ತದೆ ಅಂತ ಬಿಲ್ ಮಾಡಿಸುವ ಮುಂಚೆ ಕೇಳಿ. 8ಕೆ ಅದೂ ಇದೂ ಗೇಮ್ ಆಡದವರಿಗೆ ಸದ್ಯಕ್ಕೆ ಬೇಕಿಲ್ಲ. ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಕಳಿಸುವ ವ್ಯವಸ್ಥೆಗೆ ಎಆರ್‌ಸಿ ಅಂತಾರೆ, ಅದರ ಹೊಸ ರೂಪ ಇ-ಎಆರ್‌ಸಿ. ಇ-ಎಆರ್‌ಸಿ ಇದ್ದರೆ ಒಳ್ಳೆಯದು, ಆದರೆ ಅದಿಲ್ಲ ಅಂತ ಒಳ್ಳೆಯ ಮಾಡೆಲ್ ಬಿಡಬೇಡಿ. ಓಟಿಟಿ ಆ್ಯಪ್‌ಗಳು ಕೊಡುವ ಅಟ್ಮಾಸ್ (ತಲೆ ಮೇಲಿಂದಲೂ ಬರುವ ಸೌಂಡ್) ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಫಾರ್ಮ್ಯಾಟ್‌ನಲ್ಲಿ ಬರುತ್ತದೆ, ಅದು ಮಾಮೂಲಿ ಎಆರ್‌ಸಿಯಲ್ಲೂ ಹೋಗುತ್ತದೆ. ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿ (ಗುಣಮಟ್ಟ ಕಳೆಯದ ಫಾರ್ಮ್ಯಾಟ್) ಟಿವಿ ಮೂಲಕ ಬರಬೇಕಾದರೆ ಮಾತ್ರ ಇ-ಎಆರ್‌ಸಿ ಬೇಕು. ಪ್ಲೇಯರನ್ನು ನೇರ ರಿಸೀವರ್‌ಗೇ ಚುಚ್ಚಿದರೆ ಅದೂ ಬೇಡ.

ಪೇಂಟಿಂಗ್ ಬಾಕಿ ಇದೆ ಅಂದಿರಿ. ಹಾಗಾದರೆ ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ. ಟಿವಿ ಗೋಡೆಯಿಂದ ಸೋಫಾದ ಎರಡೂ ಪಕ್ಕಕ್ಕೆ, ಕೂತಾಗ ಕಿವಿ ಇರುವ ಎತ್ತರಕ್ಕಿಂತ ಒಂದೆರಡು ಅಡಿ ಮೇಲಕ್ಕೆ, ಗೋಡೆಯೊಳಗೆ ಖಾಲಿ ಪೈಪ್ ಹಾಕಿಸಿಬಿಡಿ. ಕರೆಂಟ್ ವೈರ್ ಹೋಗುವ ಪೈಪಿನಲ್ಲೇ ಸ್ಪೀಕರ್ ವೈರ್ ತೂರಿಸಲು ಬಿಡಬೇಡಿ. ವೈರ್ 16 ಗೇಜ್ ತಾಮ್ರದ್ದು ಸಾಕು. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ವೈರಿನ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಆನ್ ಆದ ತಕ್ಷಣ ಆಫ್ ಆಗುತ್ತದೆ. ಆಗ ಗಾಬರಿ ಬೇಡ, ಪ್ಲಗ್ ತೆಗೆದು ಎಲ್ಲ ಟರ್ಮಿನಲ್ ನೋಡಿ.

ನೀವು ಕೂರುವ ಜಾಗದಿಂದ ಸ್ಪೀಕರ್ 9 ಅಡಿ ದೂರ ಇದ್ದರೆ ಎಡ-ಬಲ ಸ್ಪೀಕರ್‌ಗಳ ನಡುವೆ 7ರಿಂದ 9 ಅಡಿ ಇರಲಿ. ಸೆಂಟರ್ ಸ್ಪೀಕರನ್ನು ಷೋಕೇಸಿನ ಗೂಡಿನೊಳಗೆ ತಳ್ಳಬೇಡಿ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಮುಂದೆ ಒಂದು ಹೂದಾನಿ, ಪಕ್ಕದಲ್ಲಿ ಫೋಟೋ, ಅದರ ಹಿಂದೆಲ್ಲೋ ಸೆಂಟರ್! ಹಲಗೆಯ ಅಂಚಿಗೆ ಬರಲಿ, ಅಡಿಗೆ ರಬ್ಬರ್ ತುಂಡು ಕೊಟ್ಟು ಮುಖ ಕಿವಿಯ ಕಡೆ ಸ್ವಲ್ಪ ಎತ್ತಿರಲಿ. ಇಷ್ಟಕ್ಕೇ ಮಾತು ಎಷ್ಟು ತಿಳಿಯಾಗುತ್ತದೆ ಅಂತ ನೀವೇ ನೋಡುತ್ತೀರಿ. ರಿಸೀವರ್ ಮೇಲೆ ಬಟ್ಟೆ, ಸೆಟ್‌ಟಾಪ್ ಬಾಕ್ಸ್ ಏನೂ ಇಡಬೇಡಿ, ಅದರ ಬಿಸಿ ಮೇಲಿನಿಂದಲೇ ಹೋಗಬೇಕು.

ಆಮೇಲೆ ಮೈಕ್. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಕುಕ್ಕರ್ ಕೂಗುವುದು ನಿಂತ ಮೇಲೆ ಶುರು ಮಾಡಿ. ಮೈಕನ್ನು ಕೈಯಲ್ಲಿ ಹಿಡಿಯಬಾರದು, ಸೋಫಾದ ಮೇಲೂ ಇಡಬಾರದು. ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಅಪ್ಪನ ಕಿವಿ ಬರುವ ಎತ್ತರದಲ್ಲಿಡಿ. ಮುಗಿದ ಮೇಲೆ ಮೆನುಗೆ ಹೋಗಿ, ಸ್ಪೀಕರ್ "ಲಾರ್ಜ್" ಅಂತ ತೋರಿಸುತ್ತಿದ್ದರೆ, ಸಬ್‌ವೂಫರ್ ಇದ್ದ ಪಕ್ಷದಲ್ಲಿ, "ಸ್ಮಾಲ್" ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್ ಕೊಡಿ. ಅದಕ್ಕಿಂತ ಕೆಳಗಿನ ಭಾರದ ಸದ್ದೆಲ್ಲ ಸಬ್‌ಗೆ ಹೋಗಿ ಸೆಂಟರ್ ಹಗುರಾಗುತ್ತದೆ. ಕೊನೆಗೆ ಅಪ್ಪನನ್ನು ಅವರ ಜಾಗದಲ್ಲೇ ಕೂರಿಸಿ, ಮಾತು ಜಾಸ್ತಿ ಇರುವ ಯಾವುದಾದರೂ ಹಾಕಿ, ಸೆಂಟರನ್ನು ಅರ್ಧರ್ಧ ಡೆಸಿಬೆಲ್ ಏರಿಸುತ್ತಾ ಹೋಗಿ. ಅವರು ಸಾಕು ಅಂದ ಕಡೆ ನಿಲ್ಲಿಸಿ.

ಪ್ರಶ್ನೆ: ರಿಸೀವರ್ ಹಾಕಿ ತಿಂಗಳಾಯಿತು. ಟಿವಿಯಿಂದ ಎಆರ್‌ಸಿ ಕೊಟ್ಟಿದ್ದೇನೆ. ಡಿಸ್‌ಪ್ಲೇಯಲ್ಲಿ ಯಾವಾಗಲೂ ಪಿಸಿಎಂ ಅಂತಲೇ ಬರುತ್ತೆ, ಹಿಂದಿನ ಸ್ಪೀಕರ್ ಸುಮ್ನೆ ಕೂತಿವೆ. ರಿಸೀವರ್ ಕೆಟ್ಟಿದೆಯಾ? (ತುಮಕೂರು)

ಉತ್ತರ: ಕೆಟ್ಟಿಲ್ಲ. ಟಿವಿ ಎರಡೇ ಚಾನೆಲ್ ಕಳಿಸುತ್ತಿದೆ. ಟಿವಿಯ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ, ಅದು ಪಿಸಿಎಂ ಇದ್ದರೆ ಆಟೋ ಅಥವಾ ಪಾಸ್‌ಥ್ರೂ ಮಾಡಿ. ಸೆಟ್‌ಟಾಪ್ ಬಾಕ್ಸ್‌ನಲ್ಲೂ ಇದೇ ಥರದ ಸೆಟ್ಟಿಂಗ್ ಬೇರೆ ಇರುತ್ತದೆ, ಅಲ್ಲಿ ಡಾಲ್ಬಿ ಆರಿಸಿ. ಇಷ್ಟಾದರೂ ಎಲ್ಲ ಚಾನೆಲ್, ಎಲ್ಲ ಸಿನಿಮಾ 5.1 ಕೊಡುವುದಿಲ್ಲ. ಕಪ್ಪು-ಬಿಳುಪು ಕಾಲದ ಕನ್ನಡ ಸಿನಿಮಾಗಳ ಸೌಂಡೇ ಮೋನೋ. ಅಂಥವಕ್ಕೆ ಡಾಲ್ಬಿ ಸರೌಂಡ್ ಮೋಡ್ ಹಾಕಿ, ಮಾತು ಸೆಂಟರ್‌ಗೆ ಬರುತ್ತದೆ. "ಮಲ್ಟಿ ಚಾನೆಲ್ ಸ್ಟೀರಿಯೊ" ಬೇಡ, ಅದರಲ್ಲಿ ಮುಂದಿನ ಸದ್ದೇ ಹಿಂದೆಯೂ ಬರುತ್ತದೆ, ಮನೆ ತುಂಬುತ್ತದೆ ಅಷ್ಟೇ.

ಪ್ರಶ್ನೆ: ನಮ್ಮದು ಹಂಚಿನ ಮನೆ. ಮಾಡಿಗೆ ಬಡಿದು ಬರುವ ಅಟ್ಮಾಸ್ ಸ್ಪೀಕರ್ ತಗೊಳ್ಳಬಹುದಾ? (ಪುತ್ತೂರು)

ಉತ್ತರ: ಬೇಡ. ಅವು ಕೆಲಸ ಮಾಡಬೇಕಾದರೆ ತಲೆ ಮೇಲೆ ಸಮತಟ್ಟಾದ, ಗಟ್ಟಿ ಸೀಲಿಂಗ್ ಬೇಕು, ಎತ್ತರ ಏಳೂವರೆಯಿಂದ 12 ಅಡಿ. ಇಳಿಜಾರು ಮಾಡಿನಲ್ಲಿ ಸದ್ದು ನಿಮ್ಮ ಕಡೆ ಬರುವುದೇ ಇಲ್ಲ, ಪಕ್ಕಾಸು ರೀಪುಗಳ ಸಂದಿನಲ್ಲಿ ಚದುರಿಹೋಗುತ್ತದೆ. ಹಲಗೆಯ ಅಟ್ಟ ಇರುವ ಕೋಣೆಯಾದರೆ ಪ್ರಯತ್ನಿಸಬಹುದು. ಇಲ್ಲವಾದರೆ ಎರಡು ಸಣ್ಣ ಸ್ಪೀಕರನ್ನು ತೊಲೆಗೇ ಗಟ್ಟಿಯಾಗಿ ಬಿಗಿದು ಮುಖ ಕೆಳಗೆ ಮಾಡಿ, ಅದು ಇನ್ನೂ ಚೆನ್ನ. ಅದಕ್ಕೆ ಏಳು ಚಾನೆಲ್ಲಿನ ರಿಸೀವರ್ ಬೇಕು, 5.1.2 ಅಂತ ಬರೆದಿರುತ್ತದೆ, ಕೊನೆಯ 2 ಅಂದರೆ ಮೇಲಿನ ಸ್ಪೀಕರ್ ಎರಡು.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು, ಗುಡುಗು-ಸಿಡಿಲು. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ಕೇಬಲನ್ನೂ ಬಿಚ್ಚಿ. ಒಂದು ವರ್ಷ ನಾನು ಪ್ಲಗ್ ಕಿತ್ತಿದ್ದೆ, ಡಿಶ್ ಕೇಬಲ್ ಬಿಟ್ಟಿದ್ದೆ. ಸಿಡಿಲು ಅದರಲ್ಲೇ ಬಂದು ಸೆಟ್‌ಟಾಪ್ ಬಾಕ್ಸ್ ದಾಟಿ ರಿಸೀವರ್‌ನ ಎಚ್‌ಡಿಎಂಐ ಬೋರ್ಡ್ ಸುಟ್ಟುಹಾಕಿತು. ಹತ್ತಿರ ಬಿದ್ದ ಸಿಡಿಲನ್ನು ಸ್ಪೈಕ್ ಗಾರ್ಡ್ ತಡೆಯುವುದಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನೂ ಮರೆಯಬೇಡಿ.

ಪ್ರಶ್ನೆ: ಹನ್ನೊಂದು ವರ್ಷ ಆದಮೇಲೆ ಮೈಸೂರಿಗೆ ವಾಪಸ್ ಬರುತ್ತಿದ್ದೇವೆ. ಇಲ್ಲಿ ತಗೊಂಡ ರಿಸೀವರ್, ಸ್ಪೀಕರ್, ಸಬ್‌ವೂಫರ್ ಎಲ್ಲ ಚೆನ್ನಾಗಿವೆ. ತರಬಹುದಾ? (ನ್ಯೂಜೆರ್ಸಿ)

ಉತ್ತರ: ಸ್ಪೀಕರ್ ತನ್ನಿ, ರಿಸೀವರ್ ಅಲ್ಲೇ ಮಾರಿಬನ್ನಿ. ಮಾಮೂಲಿ ಸ್ಪೀಕರ್‌ಗೆ ಕರೆಂಟಿನ ಹಂಗಿಲ್ಲ, ಎಲ್ಲಿ ಬೇಕಾದರೂ ನಡೆಯುತ್ತದೆ. ರಿಸೀವರ್ ಹಿಂದೆ 120 ವೋಲ್ಟ್, 60 ಹರ್ಟ್ಸ್ ಅಂತ ಬರೆದಿದ್ದರೆ ಇಲ್ಲಿನ 230 ವೋಲ್ಟಿಗೆ ನೇರ ಚುಚ್ಚಿದ ಕ್ಷಣವೇ ಹೋಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸುವವರಿದ್ದಾರೆ. ಆದರೆ ಅದು ಭಾರ, ಬಿಸಿಯಾಗುತ್ತದೆ, ಮನೆಯವರೋ ಕೆಲಸದವರೋ ಒಂದು ದಿನ ಗೊತ್ತಿಲ್ಲದೆ ಪಕ್ಕದ ಪ್ಲಗ್ಗಿಗೆ ಹಾಕಿಬಿಟ್ಟರೆ ಮುಗಿಯಿತು. ಸಬ್‌ವೂಫರ್ ಹಿಂಭಾಗ ನೋಡಿ. ಕೆಲವದರಲ್ಲಿ 115/230 ಅಂತ ಪುಟ್ಟ ಸ್ವಿಚ್ ಇರುತ್ತದೆ, ಅಂಥದ್ದಾದರೆ ಖಂಡಿತ ತನ್ನಿ, ಇಲ್ಲಿ ಪ್ಲಗ್ ಹಾಕುವ ಮುಂಚೆ ಆ ಸ್ವಿಚ್ ಬದಲಿಸಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ. ಸಬ್‌ವೂಫರ್ ಗುಂಯ್ ಅನ್ನುತ್ತೆ, ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿದರು. ಆದರೆ ನಾನು ಕೂರುವ ಜಾಗದಲ್ಲಿ ಬಾಸ್ ಇಲ್ಲವೇ ಇಲ್ಲ! (ಬೆಂಗಳೂರು)

ಉತ್ತರ: ಸಬ್ ಮೂಲೆಯಲ್ಲಿದೆ, ಅಲ್ವಾ? 40 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು 28 ಅಡಿ ಉದ್ದ, ನಿಮ್ಮ ಕೋಣೆಗಿಂತ ದೊಡ್ಡದು. ಗೋಡೆಗೆ ಬಡಿದು ವಾಪಸ್ ಬಂದಾಗ ಒಂದು ಕಡೆ ದುಪ್ಪಟ್ಟಾಗುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ನೀವು ಕೂತಿರುವುದು ಮಾಯವಾಗುವ ಕಡೆ, ಹಾಗಾಗಿ ವಾಲ್ಯೂಮ್ ಏರಿಸುತ್ತಿದ್ದೀರಿ, ಕೆಳಗಿನವರಿಗೆ ಪೂರ್ತಿ ಕೇಳುತ್ತಿದೆ. ಒಂದು ಭಾನುವಾರ ಹಗಲು ಸಬ್ ಎತ್ತಿ ನೀವು ಕೂರುವ ಸೋಫಾ ಮೇಲೇ ಇಡಿ. ಬಾಸ್ ಇರುವ ಹಾಡು ಹಾಕಿ. ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಸುತ್ತಿ. ಎಲ್ಲಿ ಬಾಸ್ ಗುಂಯ್ ಅನ್ನದೆ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಟ್ಟು, ಮೈಕ್ ಸೆಟಪ್ ಮತ್ತೆ ಮಾಡಿ. ಆಗ ಲೆವೆಲ್ ತಾನಾಗೇ ಇಳಿಯುತ್ತದೆ. ಅಡಿಗೆ ದಪ್ಪ ಫೋಮ್ ಹಾಕಿದರೆ ನೆಲದ ನಡುಕ ಸ್ವಲ್ಪ ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವುದು ಹೋಗೇ ಹೋಗುತ್ತದೆ. ರಾತ್ರಿ 10ರ ಮೇಲೆ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿ, ಸಬ್ ಆಫ್ ಮಾಡಿ. ಕೆಳಗಿನವರನ್ನು ಒಂದು ಸಲ ಮನೆಗೆ ಕರೆದು, ಒಬ್ಬರು ಮೇಲೆ ಒಬ್ಬರು ಕೆಳಗೆ ಇದ್ದು ಫೋನಿನಲ್ಲೇ ಲೆವೆಲ್ ಗೊತ್ತು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಹಳೆಯ ಡಿವಿಡಿ ಹೋಮ್ ಥಿಯೇಟರ್ ಕೆಟ್ಟಿದೆ, ಐದು ಸ್ಪೀಕರ್ ಹೊಸದರ ಹಾಗಿವೆ. ಹೊಸ ರಿಸೀವರ್‌ಗೆ ಕೊಡಬಹುದಾ? (ಗದಗ)

ಉತ್ತರ: ಸ್ಪೀಕರ್ ಹಿಂದಿನ ಸ್ಟಿಕ್ಕರ್ ಓದಿ. ಅಂಥ ಸೆಟ್‌ಗಳಲ್ಲಿ ಹೆಚ್ಚಾಗಿ 3 ಓಮ್ ಇರುತ್ತದೆ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ರಿಸೀವರ್‌ಗೆ ಭಾರ. ಹೊಸ ರಿಸೀವರ್‌ಗಳು ಕೇಳುವುದು 6ರಿಂದ 8, ಕೆಲವು 4 ಓಮ್. 3 ಓಮ್ ಕೊಟ್ಟರೆ ಅದು ಮಿತಿಮೀರಿ ಬಿಸಿಯಾಗಿ ಆಫ್ ಆಗುತ್ತದೆ, ಇಲ್ಲವೇ ಸುಡುತ್ತದೆ. 6 ಅಂತ ಇದ್ದರೆ ಸದ್ಯಕ್ಕೆ ಹಿಂದಿನ ಎರಡಕ್ಕೆ ಬಳಸಿ, ಸೆಂಟರ್ ಮಾತ್ರ ಹೊಸದೇ ತಗೊಳ್ಳಿ.