ಕಾಲುಸಂಕದ ವಿಡಿಯೊ ಮತ್ತು ಗ್ರಾಮಸಭೆಯ ಹಾಜರಿ ಪುಸ್ತಕ

ಪ್ರಶ್ನೆ: ಮಾನ್ಯರೇ, ನಮ್ಮ ವಾರ್ಡಿನಲ್ಲಿ ಸುಮಾರು 1,300 ಮತದಾರರಿದ್ದಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ 340 ಮಂದಿ ಇದ್ದೇವೆ. ಕಳೆದ ಮಳೆಗಾಲದಲ್ಲಿ ತೋಡಿನ ಕಾಲುಸಂಕದ ಹಲಗೆಗಳು ಕಿತ್ತುಹೋದಾಗ, ಶಾಲೆಯ ಮಕ್ಕಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅದನ್ನು ದಾಟುವ ವಿಡಿಯೊವನ್ನು ಒಬ್ಬರು ಗುಂಪಿಗೆ ಹಾಕಿದರು. ಊರವರು, ಗಲ್ಫಿನಲ್ಲಿರುವವರು, ಎಲ್ಲರೂ ಹಂಚಿದರು. ಆದರೆ ಬಳಿಕ ನಡೆದ ಗ್ರಾಮಸಭೆಗೆ ನಲುವತ್ತು ಮಂದಿಯೂ ಬರಲಿಲ್ಲ. ಸಂಕ ಇನ್ನೂ ಹಾಗೆಯೇ ಇದೆ. ಸಭೆಯ ನೋಟಿಸು ಮಲಯಾಳದಲ್ಲಿದ್ದ ಕಾರಣ ಹಿರಿಯರಿಗೆ ಓದಲಾಗಲಿಲ್ಲ. ಜಾಲತಾಣಗಳಿಂದ ನಮ್ಮ ನಾಗರಿಕ ಪ್ರಜ್ಞೆ ಬೆಳೆದಿದೆಯೇ, ಕುಗ್ಗಿದೆಯೇ?
(ಹೆಸರು ಬೇಡವೆಂದಿರುವ ಓದುಗರು, ಮಂಜೇಶ್ವರ ತಾಲೂಕು)

ಉತ್ತರ: ಬೆಳೆದಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ತೋಟದ ಬದಿಯ ಮನೆಗಳಲ್ಲಿ ಮಕ್ಕಳು ಮಲಗಿದಲ್ಲೇ ಇದ್ದಾರೆ ಎಂಬ ಸುದ್ದಿ ಹೊರಗಿನವರ ಕಿವಿಗೆ ಬೀಳಲು ಎರಡು ದಶಕಗಳೇ ಹಿಡಿದವು. ಅಂದು ಮನೆಗೊಂದು ಕ್ಯಾಮರಾ ಫೋನು ಇದ್ದಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಆದರೆ ಸಿಂಪಡಣೆ ನಿಂತದ್ದು ಸುದ್ದಿಯೊಂದರಿಂದಲೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಅರ್ಜಿಗಳು, ವೈದ್ಯರ ಟಿಪ್ಪಣಿಗಳು, ಮೊಕದ್ದಮೆಗಳು ಒಂದರ ಮೇಲೊಂದು ಸೇರಿ, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ಕೀಟನಾಶಕವನ್ನು ತಡೆಯಿತು.

ನಿಮ್ಮ ವಿಡಿಯೊಗೆ ದೊರೆಯದೆ ಹೋದದ್ದು ಈ ಕಾಗದದ ಬೆಂಬಲ. ಗುಂಪಿನಲ್ಲಿ ಒಂದು ಸಂದೇಶವನ್ನು ಹಂಚಿದಾಗ ಮನಸ್ಸಿನ ಭಾರ ಇಳಿಯುತ್ತದೆ, ನಮ್ಮ ಪಾಲಿನ ಕೆಲಸ ಮುಗಿಯಿತೆಂದು ತೋರುತ್ತದೆ. ಪಂಚಾಯತಿನ ಕಡತಕ್ಕಾದರೋ ಆ ಸಂದೇಶದ ಸುಳಿವೇ ಇರುವುದಿಲ್ಲ. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆಯಿದ್ದು, ಅದು ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಹಾಜರಿರಬೇಕು. ನಿಮ್ಮಲ್ಲಿ ಅದು 130. ನಲುವತ್ತು ಮಂದಿಯ ಸಭೆಗೆ ಕೋರಂ ಇರಲಿಲ್ಲವಾದ್ದರಿಂದ, ಅಲ್ಲಿ ಸಂಕದ ಮಾತು ಎಷ್ಟೇ ಬಿಸಿಯಾಗಿ ನಡೆದಿದ್ದರೂ ಅದಕ್ಕೆ ನಿರ್ಣಯದ ಬಲವಿಲ್ಲ.

ಇನ್ನೊಂದು ದಾರಿಯೂ ಅದೇ ಕಾಯಿದೆಯಲ್ಲಿದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ವಿಷಯವನ್ನು ಬರೆದು ಸಹಿ ಹಾಕಿ ಕೇಳಿದರೆ, ಸಂಚಾಲಕರಾದ ವಾರ್ಡ್ ಮೆಂಬರರು ಹದಿನೈದು ದಿನಗಳೊಳಗೆ ವಿಶೇಷ ಸಭೆ ಕರೆಯಲೇಬೇಕು. ನಿಮ್ಮ ಗುಂಪು ಉಪಯೋಗಕ್ಕೆ ಬರಬೇಕಾದದ್ದು ಇಲ್ಲಿ. 340 ಮಂದಿಯಲ್ಲಿ ಊರಲ್ಲಿರುವವರು ಸಹಿ ಹಾಕಲಿ, ಸಭೆಯ ದಿನ ಅಕ್ಕಪಕ್ಕದ ಮನೆಯವರನ್ನು ಕರೆದುಕೊಂಡು ಬರಲಿ. ದುಬೈಯಲ್ಲಿರುವವರು ಸಭೆಗೆ ಬರಲಾರರು, ಆದರೆ ಅರ್ಜಿಯ ಕರಡನ್ನು ಕನ್ನಡದಲ್ಲಿ ಟೈಪ್ ಮಾಡಿ ಕಳಿಸಬಲ್ಲರು. ವಿಡಿಯೊದಿಂದ ತೆಗೆದ ಎರಡು ಚಿತ್ರಗಳನ್ನು, ಅವುಗಳ ಹಿಂಬದಿಯಲ್ಲಿ ತಾರೀಕು ಬರೆದು, ಅರ್ಜಿಗೆ ಲಗತ್ತಿಸಿರಿ. ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳದೆ ಹಿಂದಿರುಗಬೇಡಿರಿ.

ಭಾಷೆಯ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. 1956ರ ನವೆಂಬರ್ 1ರಂದು ನಮ್ಮ ಅಂದಿನ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ, ಕಚೇರಿಯ ಕಿಟಕಿಯೆದುರು ನಿಂತ ಕನ್ನಡಿಗ ಎದುರಿಸುತ್ತಿರುವ ಕಷ್ಟವಿದು. ಸಂವಿಧಾನದ 350ನೆಯ ವಿಧಿ ಯಾವ ಅಧಿಕಾರಿಗೂ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು ನಮಗಿತ್ತಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಹೇಳುತ್ತದೆ. ಮಲಯಾಳದ ನೋಟಿಸಿನ ಚಿತ್ರವನ್ನು ಗುಂಪಿಗೆ ಹಾಕಿ ಬೇಸರಪಡುವವರು ಬಹಳ. ಕನ್ನಡದಲ್ಲಿ ನೋಟಿಸು ಕೊಡಿ ಎಂದು ಕನ್ನಡದಲ್ಲಿ ಬರೆದುಕೊಟ್ಟವರನ್ನು ನಾನು ಕಂಡದ್ದು ಬಹಳ ಕಡಿಮೆ. ಮಲಯಾಳ ಓದಬಲ್ಲ ಯುವಕರು ಅಷ್ಟರವರೆಗೆ ಪ್ರತಿ ನೋಟಿಸನ್ನೂ ಓದಿ, ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಒಂದು ನಿಮಿಷದ ಧ್ವನಿಸಂದೇಶ ಹಾಕಿದರೆ ಕನ್ನಡಕ ಹುಡುಕುವ ಅಜ್ಜಿಗೂ ಸಭೆಯ ದಿನ ತಿಳಿಯುತ್ತದೆ.

ಪ್ರಶ್ನೆ: ಚುನಾವಣೆ ಬಂತೆಂದರೆ ನಮ್ಮ ದೊಡ್ಡಪ್ಪ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಗಡಿ, ಭಾಷೆ, ಧರ್ಮಗಳ ಬಗ್ಗೆ ಸುಳ್ಳು ಸಂದೇಶಗಳನ್ನು ಕಳಿಸುತ್ತಾರೆ. ಹಿರಿಯರಿಗೆ ಹೇಗೆ ಹೇಳುವುದು?
(ಕಾಲೇಜು ವಿದ್ಯಾರ್ಥಿನಿ, ಕಾಸರಗೋಡು)

ಉತ್ತರ: ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡ, ತಂಗಿ. ಹಾಗೆ ಮಾಡಿದರೆ ಅವರು ಸಂದೇಶವನ್ನು ಬಿಟ್ಟು ತಮ್ಮ ಮರ್ಯಾದೆಯನ್ನು ಕಾಯಲು ನಿಲ್ಲುತ್ತಾರೆ. ಮನೆಗೆ ಹೋದಾಗ ಪಕ್ಕದಲ್ಲಿ ಕುಳಿತು, ಸಂದೇಶದ ಮೇಲಿರುವ ಜೋಡಿ ಬಾಣದ ಗುರುತನ್ನು ತೋರಿಸು. ಬರೆದವರಿಂದ ಕನಿಷ್ಠ ಐದು ಕೈ ದಾಟಿ ಬಂದದ್ದಕ್ಕೆ ಮಾತ್ರ ಆ ಗುರುತು ಬೀಳುತ್ತದೆ. 2020ರ ಏಪ್ರಿಲಿನಿಂದ ಅಂಥದ್ದನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳಿಸಲು ಬರುತ್ತದೆ. "ದೊಡ್ಡಪ್ಪ, ಇದನ್ನು ಮೊದಲು ಬರೆದವರು ಯಾರೆಂದು ನಿಮಗೆ ಗೊತ್ತುಂಟಾ?" ಎಂದು ಕೇಳು, ಅವರು ಉತ್ತರ ಹುಡುಕುವವರೆಗೆ ಸುಮ್ಮನಿರು.