ಡಾರ್ಕ್‌ಸೈಡ್‌ನ ಕತೆಗೆ ಮಂಗಳ ಹಾಡಲು ಬಿಡದವರು ಯಾರು?

ಕಲಬುರಗಿಯ ಸೇಡಂ ರಸ್ತೆಯ ಓದುಗರೊಬ್ಬರು ಬರೆದಿದ್ದಾರೆ: 'ಹೋದ ಸಂಚಿಕ್ಯಾಗ ಕಾಮಿಕ್ಸ್ ಖಳನಾಯಕರ ಬಗ್ಗೆ ಬರಿಯುವಾಗ ಡಾರ್ಕ್‌ಸೈಡ್‌ನ ಭಾಳ ಹೊಗಳೀರಿ. ಪಿಯುಸಿ ಓದೋ ನನ್ನ ಮಗ ಅದನ್ನ ಓದಿ, ಹುಡುಕ್ಯಾಡಿ ಹಳೇ ಕತಿ ಎಲ್ಲಾ ಓದಿ ಮುಗಿಸ್ಯಾನ. ಕಡೀಕ ಆ ಅಪ್ಪ-ಮಗನ ಕಾಳಗನ ಇಲ್ಲಂತ. ನಾಕು ತಾಸಿನ ಸಿನಿಮಾ ನೋಡಿದ್ರೂ ಆ ರಾಕ್ಷಸ ಹಂಗ ಉಳದಾನಂತ. ಕತಿ ಮುಗಿಸಲಾರದವ ದೊಡ್ಡ ಕಲಾವಿದ ಹ್ಯಾಂಗ ಆಗ್ತಾನ್ರಿ?'

ಅಕ್ಕನವರೇ, ಶರಣು.

ನಿಮ್ಮ ಮಗನ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಡಾರ್ಕ್‌ಸೈಡ್‌ನನ್ನು ಸೃಷ್ಟಿಸಿದ ಕಲಾವಿದ ಜ್ಯಾಕ್ ಕರ್ಬಿಯವರ ಮೇಲೆ ತಿರುಗಬಾರದು. ಕತೆ ಮುಗಿಸಲು ಅವರಿಗೆ ಬರುತ್ತಿತ್ತು, ಮುಗಿಸಲು ಬಿಡಲಿಲ್ಲ.

ಕರ್ಬಿ ಮಾರ್ವೆಲ್ ಎಂಬ ಅಮೆರಿಕದ ಕಾಮಿಕ್ಸ್ ಕಂಪನಿ ಬಿಟ್ಟು ಅದರ ಎದುರಾಳಿ ಡಿಸಿ ಕಂಪನಿಗೆ ಬಂದದ್ದು 1970ರಲ್ಲಿ. ಅಷ್ಟೊತ್ತಿಗೆ ಸ್ಟ್ಯಾನ್ ಲೀ ಜೊತೆ ಸೇರಿ ಫೆಂಟಾಸ್ಟಿಕ್ ಫೋರ್, ಹಲ್ಕ್, ಎಕ್ಸ್-ಮೆನ್‌ರನ್ನು ಕಟ್ಟಿಕೊಟ್ಟಾಗಿತ್ತು. ಡಿಸಿಯಲ್ಲಿ ಅವರು ಕೈಗೆತ್ತಿಕೊಂಡದ್ದು ಒಂದು ಪುರಾಣವನ್ನೇ. ಸೂಪರ್‌ಮ್ಯಾನ್‌ನ ಗೆಳೆಯ ಜಿಮ್ಮಿ ಓಲ್ಸೆನ್‌ನ ಪತ್ರಿಕೆಯ 134ನೇ ಸಂಚಿಕೆಯಲ್ಲಿ ಡಾರ್ಕ್‌ಸೈಡ್ ಒಂದು ಪರದೆಯ ಮೇಲೆ ಬರೀ ಮುಖ ತೋರಿಸಿ ಹೋಗುತ್ತಾನೆ. 1971ರಿಂದ ನ್ಯೂ ಗಾಡ್ಸ್, ಫಾರೆವರ್ ಪೀಪಲ್, ಮಿಸ್ಟರ್ ಮಿರಾಕಲ್ ಎಂಬ ಮೂರು ಪತ್ರಿಕೆಗಳು ಹೊರಟವು. ಇವೆಲ್ಲದರಲ್ಲೂ ಹರಿಯುತ್ತಿದ್ದುದು ಒಂದೇ ಕತೆ. ಬರೆಯುವವರೂ ಚಿತ್ರ ಬಿಡಿಸುವವರೂ ಕರ್ಬಿಯವರೇ. ಈ ಕತೆಗೆ ಒಂದು ಕೊನೆಯಿರಬೇಕು, ಆಮೇಲೆ ಎಲ್ಲವೂ ಪುಸ್ತಕವಾಗಿ ಕಪಾಟಿನಲ್ಲಿ ಉಳಿಯಬೇಕು ಎಂಬುದು ಅವರ ಆಸೆ. ತಿಂಗಳು ಕಳೆದರೆ ರದ್ದಿಗೆ ಹೋಗುತ್ತಿದ್ದ ಕಾಮಿಕ್ಸ್ ಬಗ್ಗೆ ಆಗ ಹಾಗೆ ಯೋಚಿಸುತ್ತಿದ್ದವರು ಬಹಳ ಕಡಿಮೆ.

ಕೊನೆಯ ದಿಕ್ಕು ನ್ಯೂ ಗಾಡ್ಸ್‌ನ ಮೊದಲ ಸಂಚಿಕೆಯಲ್ಲೇ ಇದೆ. ಬೆಂಕಿಯ ಬೆರಳೊಂದು ಗೋಡೆಯ ಮೇಲೆ ಬರೆಯುತ್ತದೆ: ಓರಾಯನ್ ಡಾರ್ಕ್‌ಸೈಡ್ ಆಳುವ ಲೋಕವಾದ ಅಪೊಕೊಲಿಪ್ಸ್‌ಗೆ ಹೋಗಬೇಕು, ಅಲ್ಲಿಂದ ಭೂಮಿಗೆ, ಆಮೇಲೆ ಯುದ್ಧಕ್ಕೆ. ಆ ಓರಾಯನ್ ಡಾರ್ಕ್‌ಸೈಡ್‌ನ ಸ್ವಂತ ಮಗ.

ನ್ಯೂ ಗಾಡ್ಸ್‌ನ 7ನೇ ಸಂಚಿಕೆಯನ್ನು ನಿಮ್ಮ ಮಗನಿಗೆ ಇನ್ನೊಮ್ಮೆ ಓದಲು ಹೇಳಿ. ಹಾಳು ಯುದ್ಧ ನಿಲ್ಲಲಿ ಎಂದು ಎರಡು ಲೋಕದ ಒಡೆಯರು ಒಪ್ಪಂದ ಮಾಡಿಕೊಂಡು ತಂತಮ್ಮ ಗಂಡುಮಕ್ಕಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಎದುರು ಲೋಕದ ಒಡೆಯ ಐಜಾಯಾನ ಮಗ ಸ್ಕಾಟ್ ಫ್ರೀ ನರಕದಂಥ ಅಪೊಕೊಲಿಪ್ಸ್‌ನ ಅನಾಥಾಲಯ ಸೇರುತ್ತಾನೆ. ಅತ್ತಕಡೆಯಿಂದ ಬಂದ ಪುಟ್ಟ ಓರಾಯನ್ ಮೈಯೆಲ್ಲ ಕಿಡಿಯಾಗಿ, ಕೈಯಲ್ಲಿ ಆಯುಧ ಹಿಡಿದೇ ನಿಂತಿದ್ದಾನೆ. ಐಜಾಯಾ ಅವನತ್ತ ಬರಿಗೈ ಚಾಚುತ್ತಾನೆ. ಹುಡುಗ ಆ ಕೈ ಹಿಡಿಯುತ್ತಾನೆ. ಇತ್ತ ಡಾರ್ಕ್‌ಸೈಡ್‌ನ ಲೆಕ್ಕವೇ ಬೇರೆ. ಒತ್ತೆಗೆ ಬಂದ ಸ್ಕಾಟ್ ಎಂದಾದರೂ ತಪ್ಪಿಸಿಕೊಂಡು ಓಡುತ್ತಾನೆ, ಆಗ ಒಪ್ಪಂದ ಮುರಿದ ಅಪವಾದ ಎದುರಿನವರಿಗೇ ಅಂಟುತ್ತದೆ ಎಂದು ವರ್ಷಗಟ್ಟಲೆ ಕಾಯುತ್ತಾನೆ. ಇಂಥ ತಾಳ್ಮೆಯ ದುಷ್ಟನನ್ನು ಕಾಮಿಕ್ಸ್ ಅದಕ್ಕೂ ಮೊದಲು ಕಂಡಿರಲಿಲ್ಲ ಎಂದೇ ನನ್ನ ಎಣಿಕೆ. ಅವನಿಗೆ ಬೇಕಾದದ್ದು ಸಂಪತ್ತಲ್ಲ, ಎಲ್ಲ ಜೀವಿಗಳ ಇಚ್ಛೆಯನ್ನೂ ತನ್ನ ಮುಷ್ಟಿಗೆ ತಂದುಕೊಡುವ ಆ್ಯಂಟಿ-ಲೈಫ್ ಈಕ್ವೇಷನ್. 1944ರಲ್ಲಿ ಫ್ರಾನ್ಸ್‌ನಲ್ಲಿ ಹಿಟ್ಲರನ ಪಡೆಯೆದುರು ಕಾಲಾಳಾಗಿ ಕಾದಾಡಿ ಬಂದ ಯಹೂದಿ ಕಲಾವಿದನಿಗೆ ಇಂಥ ಖಳನನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ.

11ನೇ ಸಂಚಿಕೆಯಲ್ಲಿ ಓರಾಯನ್‌ಗೂ ಅವನ ಅಣ್ಣ ಕ್ಯಾಲಿಬ್ಯಾಕ್‌ಗೂ ಕಾದಾಟ. ಗುಟ್ಟಾಗಿ ಕ್ಯಾಲಿಬ್ಯಾಕ್‌ನ ಬಲ ಹೆಚ್ಚಿಸಿದ ಡೆಸಾಡ್‌ನನ್ನು, ತನ್ನ ನಂಬಿಕೆಯ ಬಂಟನನ್ನು, ಡಾರ್ಕ್‌ಸೈಡ್ ಅಲ್ಲೇ ಇಲ್ಲವಾಗಿಸುತ್ತಾನೆ. ಮುಂದಿನದು ಅಪ್ಪ-ಮಗನ ಸರದಿ ಎಂದು ಓದುಗ ಉಸಿರು ಬಿಗಿಹಿಡಿದಾಗ ಪತ್ರಿಕೆಯೇ ನಿಂತುಹೋಯಿತು. ಅದು 1972. ಫಾರೆವರ್ ಪೀಪಲ್ ಕೂಡ 11ಕ್ಕೇ ನಿಂತಿತು. ಮಾರಾಟ ಸಾಲದು ಎಂಬುದು ಕಂಪನಿಯ ಕಾರಣ. ಮಿಸ್ಟರ್ ಮಿರಾಕಲ್ ಮಾತ್ರ 18ರವರೆಗೆ ನಡೆದು 1974ರಲ್ಲಿ ಮುಗಿಯಿತು. ಅದರಲ್ಲಿ ಕಥಾನಾಯಕನಾದ ಆ ಸ್ಕಾಟ್ ಮತ್ತು ಅವನ ಗೆಳತಿ ಬಾರ್ಡಾರ ಮದುವೆಗೆ ಡಾರ್ಕ್‌ಸೈಡ್ ಕರೆಯದೆ ಬಂದು, ಎಲ್ಲರ ಸಂತೋಷಕ್ಕೆ ಹುಳಿ ಹಿಂಡಿ ಹೋಗುತ್ತಾನೆ.

ಮುಗಿಸುವ ಅವಕಾಶ ಕರ್ಬಿಗೆ ಮತ್ತೆ ಸಿಕ್ಕದ್ದು 1984ರಲ್ಲಿ, ಹಳೆಯ ಸಂಚಿಕೆಗಳು ಮರುಮುದ್ರಣವಾದಾಗ. ಆದರೆ ಅಷ್ಟರೊಳಗೆ ಡಾರ್ಕ್‌ಸೈಡ್ ಬೇರೆಯವರ ಕತೆಗಳಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದ. ಅದೇ ಹೊತ್ತಿಗೆ ಕೆನ್ನರ್ ಕಂಪನಿಯ ಆಟಿಕೆಯಾಗಿಯೂ ಅಂಗಡಿಗೆ ಬರುತ್ತಿದ್ದ. ಅಪ್ಪ-ಮಗ ಇಬ್ಬರೂ ಸಾಯುವ ಕೊನೆಗೆ ಡಿಸಿ ಒಪ್ಪಲಿಲ್ಲ. ಕಂಪನಿಯ ಒಂದು ಒಳ್ಳೆಯ ಕೆಲಸವನ್ನೂ ಇಲ್ಲಿ ಹೇಳಲೇಬೇಕು: ಆ ಆಟಿಕೆಗಳಿಗಾಗಿ ಪಾತ್ರಗಳ ರೂಪವನ್ನು ಕರ್ಬಿಯವರಿಂದಲೇ ಮತ್ತೆ ಬರೆಸಿ, ಅವರಿಗೆ ರಾಯಧನ ಸಿಗುವ ಹಾಗೆ ಮಾಡಿದರು. ಜೀವಮಾನವಿಡೀ ಪಾತ್ರಗಳನ್ನು ಹುಟ್ಟಿಸಿ ಬರಿಗೈಲಿ ಉಳಿದಿದ್ದ ಮನುಷ್ಯನಿಗೆ ಅದು ಸಣ್ಣದೇನಲ್ಲ. ಆದರೂ ಕತೆ ಕತೆಯೇ. ಕೊನೆಗೆ ಕರ್ಬಿ ಬರೆದ 1985ರ ಹಂಗರ್ ಡಾಗ್ಸ್ ಎಂಬ ಚಿತ್ರಕಾದಂಬರಿಯಲ್ಲಿ ಓರಾಯನ್ ತಾಯಿಯನ್ನು ಬಿಡಿಸಿಕೊಂಡು ಹೋಗುತ್ತಾನೆ, ತುಳಿತಕ್ಕೊಳಗಾದ ಜನ ದಂಗೆ ಏಳುತ್ತಾರೆ, ಡಾರ್ಕ್‌ಸೈಡ್ ಬದುಕಿಯೇ ಉಳಿಯುತ್ತಾನೆ.

ಅಪೂರ್ಣತೆಗೇ ಒಂದು ಚೆಲುವಿದೆ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ನಾನಂತೂ ಒಪ್ಪಲಾರೆ. ನಮ್ಮ ಕಡೆಯ ಬಯಲಾಟದಲ್ಲಿ ರಾಕ್ಷಸನ ವೇಷಕ್ಕೇ ಹೆಚ್ಚು ಬಣ್ಣ, ಅವನ ಪ್ರವೇಶಕ್ಕೇ ಹೆಚ್ಚು ಆರ್ಭಟ. ಅವನು ಬೀಳುವುದನ್ನು ನೋಡಲೆಂದೇ ಜನ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ಕೂರುವುದು. ಕುಮಾರವ್ಯಾಸ ಹಾಡಿದ್ದು ಭಾರತದ ಹತ್ತೇ ಪರ್ವ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಆದರೂ ಗದುಗಿನ ಭಾರತ ಅರ್ಧಕ್ಕೆ ನಿಂತಿದೆ ಎಂದು ಓದಿದವರಿಗೆ ಅನ್ನಿಸುವುದಿಲ್ಲ. ಏಕೆಂದರೆ ಕವಿ ನಿಲ್ಲಿಸಿದ್ದು ಗದಾಪರ್ವದಲ್ಲಿ, ಕೌರವನ ತೊಡೆ ಮುರಿದ ಮೇಲೆ. ಖಳನ ಗತಿ ಕಾಣಿಸಿದರೆ ಉಳಿದ ಕೊರತೆಯನ್ನು ಓದುಗ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಕರ್ಬಿಗೆ ದಕ್ಕದೆ ಹೋದದ್ದು ಆ ಒಂದು ಪರ್ವ. ಆಮೇಲೆ ಬೇರೆಯವರು ಡಾರ್ಕ್‌ಸೈಡ್‌ನನ್ನು ಎಷ್ಟೋ ಸಲ ಸೋಲಿಸಿದ್ದಾರೆ, ಕೊಂದಿದ್ದಾರೆ, ಮತ್ತೆ ಎಬ್ಬಿಸಿದ್ದಾರೆ. ಸತ್ತವನು ಮುಂದಿನ ವರ್ಷ ಎದ್ದು ಬರುವುದು ಖಾತ್ರಿಯಾದಲ್ಲಿ ಆ ಸಾವಿಗೆ ಬೆಲೆಯೇನು?

ಸಿನಿಮಾದ್ದೂ ಹೆಚ್ಚುಕಡಿಮೆ ಇದೇ ಪಾಡು. ಝ್ಯಾಕ್ ಸ್ನೈಡರ್ ಅವರ ಜಸ್ಟಿಸ್ ಲೀಗ್ 2021ರಲ್ಲಿ ಬಂತು. ಡಾರ್ಕ್‌ಸೈಡ್‌ನ ಕತೆಯನ್ನು ಮುಂದುವರಿಸಬೇಕಿದ್ದ ಚಿತ್ರಗಳನ್ನು ಸ್ಟುಡಿಯೊ ತೆಗೆಯಲೇ ಇಲ್ಲ.

ಕರ್ಬಿ 1994ರಲ್ಲಿ ತೀರಿಕೊಂಡರು. ಅವರು ಬಯಸಿದ್ದ ಹಾಗೆ ಆ ಎಲ್ಲ ಕತೆಗಳೂ ಈಗ ದಪ್ಪ ರಟ್ಟಿನ ಪುಸ್ತಕವಾಗಿ ಸಿಗುತ್ತವೆ. ನಿಮ್ಮ ಮಗ ಮತ್ತೆ ಓದುವುದಾದರೆ ಮೂರೂ ಪತ್ರಿಕೆಗಳನ್ನು ಪ್ರಕಟವಾದ ಕ್ರಮದಲ್ಲೇ ಓದಲಿ. 1972ರ ಆ 11ನೇ ಸಂಚಿಕೆ ಮುಗಿದ ಮೇಲೆ ಒಂದೆರಡು ದಿನ ಬಿಟ್ಟು, ಅಪ್ಪ-ಮಗ ಎದುರಾದರೆ ಯಾರು ಏನು ಮಾಡಬೇಕಿತ್ತು ಎಂದು ತಾನೇ ಯೋಚಿಸಲಿ. ಹಂಗರ್ ಡಾಗ್ಸ್ ತೆರೆಯುವುದು ಅದಾದ ಮೇಲೆ.

– ಸಂಪಾದಕ