ಚಾರಣಕ್ಕೆ 5 ವ್ಯಾಟಿನ ವಾಕಿಟಾಕಿ ತಗೊಳ್ಳಬಹುದಾ? ಲೈಸೆನ್ಸ್ ಬೇಕಾ?

ನಾಲ್ಕು ಜನ ಚಾರಣಕ್ಕೆ ಹೋಗುತ್ತೀರಿ, ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ, ಆನ್‌ಲೈನ್‌ನಲ್ಲಿ 5 ವ್ಯಾಟಿನ ಸೆಟ್ ನೋಡಿದ್ದೀರಿ. ನನ್ನನ್ನು ಕೇಳಿದರೆ ಅದು ಬೇಡ. ಅರ್ಧ ವ್ಯಾಟಿನದು ಸಾಕು.

ಮಾರಾಟಕ್ಕೆ ಸಿಗುತ್ತದೆ ಅಂದ ಮಾತ್ರಕ್ಕೆ ಬಳಸಲು ಅನುಮತಿ ಇದೆ ಅಂತಲ್ಲ. ನೀವು ನೋಡಿದಂಥ ಸೆಟ್‌ಗಳಲ್ಲಿ ಫ್ರೀಕ್ವೆನ್ಸಿಯನ್ನು ನಾವೇ ಒತ್ತಿ ಹಾಕಬಹುದು. ಅವು ಹೆಚ್ಚಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇದ್ದವರಿಗೆ. ಒಂದು ಅಂಕಿ ತಪ್ಪಾಗಿ, ಯಾವುದೋ ಆಂಬುಲೆನ್ಸ್‌ನವರ ಮಾತಿನ ಮೇಲೆ ನಿಮ್ಮ ಹರಟೆ ಬಿದ್ದರೆ? ಲೈಸೆನ್ಸ್ ಬೇಡದ ಸೆಟ್‌ಗಳೇ ಬೇರೆ. ಯುರೋಪಿನಲ್ಲಿ ಅವಕ್ಕೆ 446.0ರಿಂದ 446.2 ಮೆಗಾಹರ್ಟ್ಸ್, ಮಿತಿ 0.5 ವ್ಯಾಟ್, ಆಂಟೆನಾ ಬಿಚ್ಚುವಂತಿರಬಾರದು. ಭಾರತದಲ್ಲೂ ಲೈಸೆನ್ಸ್ ಬೇಡದ ಜಾಗ ಅದೇ 446.0ರಿಂದ 446.2. ಅಮೆರಿಕದಲ್ಲಿ ಮಾತ್ರ 462 ಮತ್ತು 467ರ ಆಸುಪಾಸು. ಹಾಗಾಗಿ ಅಲ್ಲಿಂದ ಯಾರೋ ತಂದುಕೊಟ್ಟ ಸೆಟ್ ಇನ್ನೊಂದು ದೇಶದಲ್ಲಿ ಕಾನೂನಿಗೆ ವಿರುದ್ಧವಾಗಬಹುದು. ಡಬ್ಬಿಯ ಮೇಲೆ ಫ್ರೀಕ್ವೆನ್ಸಿ, ಬಳಸುವ ದೇಶದ ಅನುಮೋದನೆ, ಎರಡೂ ನೋಡದೆ ದುಡ್ಡು ಕೊಡಬೇಡಿ.

ಇನ್ನು ದೂರ. ಡಬ್ಬಿಯ ಮೇಲೆ 30 ಕಿಲೋಮೀಟರ್ ಅಂತ ಬರೆದಿರುತ್ತಾರೆ. ನಗು ಬರುತ್ತದೆ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಬಟ್ಟಬಯಲಲ್ಲಿ ನಿಂತ ಇಬ್ಬರ ನಡುವೆ ಸುಮಾರು 10 ಕಿಲೋಮೀಟರ್ ಆಗುವಷ್ಟರಲ್ಲಿ ಭೂಮಿಯ ಗುಂಡಗಿನ ಮೈಯೇ ಅಡ್ಡ ಬರುತ್ತದೆ. ಕಾಡು, ಗುಡ್ಡ ಇದ್ದರೆ ಒಂದೆರಡು ಕಿಲೋಮೀಟರ್ ಸಿಕ್ಕರೂ ಪುಣ್ಯ. ವ್ಯಾಟ್ ಹತ್ತು ಪಟ್ಟಾದರೆ, ಏನೂ ಅಡ್ಡವಿಲ್ಲದ ಕಡೆಯೂ ದೂರ ಹೆಚ್ಚುವುದು ಮೂರು ಪಟ್ಟಿನಷ್ಟೇ. ಗುಡ್ಡದ ಹಿಂದೆ ಸಿಕ್ಕಿಕೊಂಡವರು ಇಪ್ಪತ್ತು ಹೆಜ್ಜೆ ಮೇಲೆ ಹತ್ತಿ ಮಾತಾಡಿ ನೋಡಲಿ. ಅದು ವ್ಯಾಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸೆಟ್‌ನಲ್ಲಿ ಆರಿಸಿಕೊಳ್ಳುವ ‘ಪ್ರೈವಸಿ ಕೋಡ್’ ಅನ್ನೋದರ ಹೆಸರನ್ನೂ ನಂಬಬೇಡಿ. ಅದು ಬೇರೆಯವರ ಮಾತು ನಿಮಗೆ ಕೇಳಿಸದಂತೆ ಮಾಡುತ್ತದೆ, ಅಷ್ಟೇ. ನಿಮ್ಮ ಮಾತನ್ನು ಯಾರು ಬೇಕಾದರೂ ಕೇಳಬಹುದು.

ಬಳಸುವಾಗ ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ. ಇಲ್ಲದಿದ್ದರೆ ‘ಬರಬೇಡಿ’ಯ ಮೊದಲ ಅಕ್ಷರ ನುಂಗಿಹೋಗಿ ‘ರಬೇಡಿ’ ಅಂತ ಕೇಳುತ್ತದೆ. ಸೆಟ್ ಬಾಯಿಂದ ನಾಲ್ಕು ಬೆರಳು ದೂರ, ಆಂಟೆನಾ ಮೇಲ್ಮುಖವಾಗಿರಲಿ. ಬಂಡೆ ಸಿಡಿಸುವ ಜಾಗದ ಹತ್ತಿರ ಪೂರ್ತಿ ಆಫ್ ಮಾಡಿ. ವಿದ್ಯುತ್ತಿನಿಂದ ಸಿಡಿಯುವ ಡಿಟೋನೇಟರ್‌ಗೆ ರೇಡಿಯೋ ಅಲೆಯೂ ಕಿಡಿಯಾಗಬಹುದು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬೇಡಿ.

ಒಮ್ಮೆ ನನ್ನ ಸೆಟ್ ಬ್ಯಾಗಿನೊಳಗೆ ನೀರಿನ ಬಾಟಲಿಗೆ ಒತ್ತಿಕೊಂಡು ಗುಂಡಿ ಕೂತುಬಿಟ್ಟಿತ್ತು. ಅರ್ಧ ಗಂಟೆ ಚಾನೆಲ್ ತುಂಬಾ ನನ್ನ ಏದುಸಿರು, ಜೊತೆಗೆ ಹಿಂದಿದ್ದವರ ಬಗ್ಗೆ ನಾನು ಗೊಣಗಿದ್ದೆಲ್ಲ. ಹಿಂದಿದ್ದವರಲ್ಲಿ ಒಬ್ಬರ ಕಾಲು ಉಳುಕಿತ್ತಂತೆ. ಕರೆದರೂ ನನಗೆ ಕೇಳಿಸುವಂತಿರಲಿಲ್ಲ, ಸೆಟ್ ಮಾತು ಕಳಿಸುತ್ತಿರುವಾಗ ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಅಲ್ವಾ. ಈಗ ಅದನ್ನು ಭುಜದ ಪಟ್ಟಿಗೆ, ಗುಂಡಿ ಹೊರಮುಖ ಮಾಡಿ ಸಿಕ್ಕಿಸಿಕೊಳ್ಳುತ್ತೇನೆ. ಕೊಳ್ಳುವಾಗ ಒಂದು ನಿಮಿಷಕ್ಕೆ ಮಾತು ತಾನೇ ಕಡಿಯುವ ಟೈಮರ್ ಇದೆಯಾ ಅಂತಲೂ ನೋಡಿ.